ಒಕ್ಕಲುತನ ಕಲಿಸುವ ಗುರುಗಳೆಲ್ಲಿ?

ಶಾಲೆಗಳಲ್ಲಿ ವೃತ್ತಿಶಿಕ್ಷಣವು ಬರಬೇಕೆಂಬ ವಿಷಯದಲ್ಲಿ ಈಗ ಹೆಚ್ಚಿನ ಭಿನ್ನಾಭಿಪ್ರಾಯವು ಉಳಿದಿಲ್ಲ. 2025ರೊಳಗಾಗಿ ದೇಶದ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗಾದರೂ ಒಂದಿಲ್ಲೊಂದು ವೃತ್ತಿಯ ಪರಿಚಯವಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಗುರಿಯಿಟ್ಟಿತ್ತು. ಆ ಲೆಕ್ಕವನ್ನು ಅಧಿಕಾರಿಗಳಿಗೇ ಬಿಟ್ಟು ನಾವು ಒಂದೇ ಪ್ರಶ್ನೆಯನ್ನು ಕೇಳಬಯಸುತ್ತೇವೆ. ಮಕ್ಕಳಿಗೆ ಒಕ್ಕಲುತನವನ್ನು ಕಲಿಸುವವರು ಯಾರು?

ಕಟ್ಟಡ ಕಟ್ಟುವುದು ಸುಲಭ. ಉಪಕರಣಗಳನ್ನು ಕೊಳ್ಳುವುದು ಇನ್ನೂ ಸುಲಭ. ಆ ಕೆಲಸದಲ್ಲಿ ಉತ್ಸಾಹ ತೋರುವವರಿಗೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ. ಆದರೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ಹೇಳಬಲ್ಲ, ಆ ಹದದ ಹಿಂದಿರುವ ಶಾಸ್ತ್ರವನ್ನು ಹದಿನೈದು ವರ್ಷದ ಹುಡುಗನಿಗೆ ಬಿಡಿಸಿ ಹೇಳಬಲ್ಲ ಶಿಕ್ಷಕನು ಸಂತೆಯಲ್ಲಿ ಸಿಕ್ಕುವವನಲ್ಲ.

ಈ ವಿಷಯದಲ್ಲಿ ಅಮೆರಿಕೆಯ ಉದಾಹರಣೆಯು ಮನನೀಯವಾಗಿದೆ. 1917ರ ಫೆಬ್ರುವರಿಯಲ್ಲಿ ಅಧ್ಯಕ್ಷ ವಿಲ್ಸನ್ನರು ಸಹಿ ಮಾಡಿದ ಸ್ಮಿತ್-ಹ್ಯೂಸ್ ಕಾಯಿದೆಯು ಪ್ರೌಢಶಾಲೆಗಳ ಕೃಷಿಶಿಕ್ಷಣಕ್ಕಾಗಿ ಅಲ್ಲಿಯ ಕೇಂದ್ರದ ಬೊಕ್ಕಸವನ್ನು ತೆರೆಯಿತು. ಆದರೆ ಎಂತಹ ಕಟ್ಟುಪಾಡಿನಿಂದ! ರಾಜ್ಯಗಳಿಗೆ ಕೊಟ್ಟ ಹಣವು ಶಿಕ್ಷಕರ ಸಂಬಳಕ್ಕೂ ಅವರ ತರಬೇತಿಗೂ ಸಲ್ಲತಕ್ಕದ್ದು. ಅದರಲ್ಲಿ ಒಂದು ಡಾಲರನ್ನೂ ಕಟ್ಟಡಕ್ಕಾಗಲಿ, ಉಪಕರಣಕ್ಕಾಗಲಿ, ಜಮೀನಿಗಾಗಲಿ ವೆಚ್ಚ ಮಾಡಕೂಡದು. ತರಬೇತಿಗೆಂದಿಟ್ಟ ಹಣದ ಕನಿಷ್ಠ ಪಾಲನ್ನಾದರೂ ಬಳಸದ ರಾಜ್ಯಕ್ಕೆ 1920ರ ಜೂನಿನ ತರುವಾಯ ಸಂಬಳದ ಸಹಾಯವೂ ಇಲ್ಲ. ವಿದ್ಯಾರ್ಥಿಯು ವರ್ಷದಲ್ಲಿ ಆರು ತಿಂಗಳಾದರೂ ಮಾರ್ಗದರ್ಶನದಲ್ಲಿ ಹೊಲದ ಕೆಲಸ ಮಾಡಬೇಕೆಂಬುದು ಮತ್ತೊಂದು ನಿಯಮ. ಆದುದರಿಂದ ಶಿಕ್ಷಕನು ಹುಡುಗನ ಮನೆಯ ಹೊಲಕ್ಕೆ ನಡೆದುಹೋಗಬೇಕಾಯಿತು. ಬೇಸಗೆಯಲ್ಲಿಯೂ ಸಂಬಳ ಕೊಟ್ಟು ಅವನನ್ನು ಉಳಿಸಿಕೊಳ್ಳುವ ಪದ್ಧತಿಯು ಬೆಳೆಯಿತು. ಇಷ್ಟಿದ್ದೂ ಅಲ್ಲಿ ಇಂದಿಗೂ ಕೃಷಿಶಿಕ್ಷಕರು ಸಾಲದೆ, ಕಲಿಯುತ್ತಿರುವ ಮಕ್ಕಳನ್ನೇ ಈ ವೃತ್ತಿಗೆ ಕರೆಯಲು ಪ್ರತಿವರ್ಷ ಪ್ರಚಾರ ನಡೆಸುತ್ತಿದ್ದಾರೆ.

ನಮ್ಮಲ್ಲಿ ನಡೆಯುವುದು ಇದಕ್ಕೆ ವಿಪರೀತ. ಹಲವು ರಾಜ್ಯಗಳಲ್ಲಿ ವೃತ್ತಿಶಿಕ್ಷಕರನ್ನು ಮಧ್ಯವರ್ತಿ ಸಂಸ್ಥೆಗಳ ಮೂಲಕ ಕರಾರಿನ ಮೇಲೆ ತರುತ್ತಾರೆ. ಕೃಷಿ ಪದವೀಧರನ ಮುಂದೆ ಇಲಾಖೆಯ ಅಧಿಕಾರ, ಬ್ಯಾಂಕಿನ ಹುದ್ದೆ, ಬೀಜ-ಗೊಬ್ಬರದ ಕಂಪನಿಗಳ ಕೆಲಸ ಇವೆಲ್ಲ ಇರುವಾಗ ಅವನು ಶಾಲೆಯ ಕಡೆಗೆ ತಿರುಗಿ ನೋಡದಿದ್ದರೆ ಅವನನ್ನು ದೂಷಿಸುವುದು ನ್ಯಾಯವಲ್ಲ. ಗುರುವು ದೇವರೆಂದು ಸಭೆಗಳಲ್ಲಿ ಹಾರ ಹಾಕುವ ಕೈಗಳೇ ವೇತನದ ಕಾಗದಕ್ಕೆ ರುಜು ಮಾಡುವಾಗ ನಡುಗುತ್ತವೆ!

ಯೋಗ್ಯರಿಲ್ಲವೆಂಬ ಮಾತನ್ನಂತೂ ನಾವು ಒಪ್ಪಲಾರೆವು. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗೆಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ. ಅಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸ್ಥಾನಗಳುಂಟು. ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ನೆಲಸಿ ರೈತರೊಡನೆ ಕಾರ್ಯಾನುಭವ ಪಡೆಯುತ್ತಾರೆ. ಆ ತಿಂಗಳುಗಳಲ್ಲಿಯೇ ಅವರಿಂದ ಸಮೀಪದ ಪ್ರೌಢಶಾಲೆಯಲ್ಲಿ ವಾರಕ್ಕೆ ಎರಡು ಪಾಠಗಳನ್ನು ಹೇಳಿಸಿ ನೋಡಬಾರದೇಕೆ? ಮಾತು ಬಲ್ಲವರು ಯಾರು, ಮಕ್ಕಳೊಡನೆ ತಾಳ್ಮೆಯುಳ್ಳವರು ಯಾರೆಂಬುದು ಸಂದರ್ಶನದ ಹತ್ತು ನಿಮಿಷಗಳಿಗಿಂತ ಅಲ್ಲಿ ಚೆನ್ನಾಗಿ ತಿಳಿದೀತು. ಹಾಗೆ ಆರಿಸಿದವರಿಗೆ ವೇತನದೊಡನೆ ಬೋಧನೆಯ ತರಬೇತಿಯನ್ನೂ, ಬಳಿಕ ಕೃಷಿ ಇಲಾಖೆಯ ಅಧಿಕಾರಿಗೆ ಸಮನಾದ ಸಂಬಳದ ಖಾಯಂ ಹುದ್ದೆಯನ್ನೂ ಕೊಡಬೇಕು. ನಾಟಿ, ಕಳೆ ತೆಗೆಯುವುದು, ಬೀಜ ಕಾಯ್ದಿಡುವುದು ಇವೆಲ್ಲ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿಯೇ ಇರುವ ನಾಡಿನಲ್ಲಿ ಈ ಹುದ್ದೆಗಳಿಗೆ ತರುಣಿಯರನ್ನೂ ಸರಿಸಮವಾಗಿ ಕರೆಯತಕ್ಕದ್ದು. ಪದವಿಯಿಲ್ಲದ ಅನುಭವಿ ಒಕ್ಕಲಿಗನಿಗೂ ಪಾಠಕ್ಕಿಷ್ಟೆಂದು ಗೌರವಧನ ಕೊಟ್ಟು ವರ್ಷದಲ್ಲಿ ಕೆಲವು ದಿನ ಅವನಿಂದ ಕಲಿಸಬಹುದು. ಪ್ರಮಾಣಪತ್ರವಿಲ್ಲವೆಂದು ಅವನನ್ನು ಶಾಲೆಯ ಹೊಸ್ತಿಲಲ್ಲಿ ತಡೆಯುವುದು ಹಾಸ್ಯಾಸ್ಪದ.

ನೇಮಕದ ನಿಯಮಗಳನ್ನು ಬರೆಯುವವರು ಪಂಚಾಂಗವನ್ನೂ ಒಮ್ಮೆ ನೋಡಬೇಕು. ವಿಜಯಪುರ, ಕಲಬುರಗಿಗಳ ಕಡೆ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತನೆಯು ಸೆಪ್ಟೆಂಬರು-ಅಕ್ಟೋಬರುಗಳಲ್ಲಿ ನಡೆಯುತ್ತದೆ. ಶಾಲೆಗೆ ದಸರೆಯ ರಜೆ ಬರುವುದೂ ಆಗಲೇ. ಮುಂಗಾರಿಗೆಂದು ನೆಲವನ್ನು ಹದಗೊಳಿಸುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಅತಿಥಿ ಶಿಕ್ಷಕನಿಗೆ ಕೆಲಸವೂ ಇಲ್ಲ, ಗೌರವಧನವೂ ಇಲ್ಲ. ಕೃಷಿಶಿಕ್ಷಕನ ನೇಮಕದ ಆಜ್ಞೆಯಲ್ಲಿ ಹನ್ನೆರಡು ತಿಂಗಳ ಸಂಬಳವನ್ನು ಸ್ಪಷ್ಟವಾಗಿ ಬರೆದು, ಅವನ ರಜೆಯನ್ನು ಆಯಾ ಸೀಮೆಯ ಬೆಳೆಗೆ ಅನುಗುಣವಾಗಿ ಗೊತ್ತುಪಡಿಸಬೇಕು. ಮುಂದಿನ ಆಯವ್ಯಯ ಪತ್ರದಲ್ಲಿ ಸರಕಾರವು ಈ ಸಂಬಳದ ಬಾಬನ್ನು ಕಟ್ಟಡಗಳ ಬಾಬಿಗಿಂತ ಮೊದಲು ಸೇರಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.