ಎರಡು ಕಂಪ್ಯೂಟರ್, ಒಂದೇ ಪ್ರಾಜೆಕ್ಟ್

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಎಂಜಿನಿಯರಿಂಗ್ ಓದಲು ಹೋದ ಎಷ್ಟೋ ಜನರದ್ದು ಎರಡು ಕಂಪ್ಯೂಟರಿನ ಬದುಕು. ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಕಾಲೇಜಿನ ಲ್ಯಾಬಿನಲ್ಲಿ ಉಬುಂಟು. ರಜೆಯಲ್ಲಿ ಮನೆಯಲ್ಲಿ ಕುಳಿತು ಬರೆದ ಪ್ರೋಗ್ರಾಂ ಲ್ಯಾಬಿನಲ್ಲಿ ಓಡುವುದೇ ಇಲ್ಲ. ವೈವಾ ಹತ್ತಿರ ಬಂದಾಗ ಇದು ಸಣ್ಣ ತಲೆನೋವಲ್ಲ.

ಕಾರಣಗಳು ಮಾತ್ರ ಚಿಕ್ಕವು. ರಾಶಿ, ಚಾಲಿ, ಬೆಟ್ಟೆ ಅಡಿಕೆಯ ತೂಕ ಮತ್ತು ದರ ಕೊಟ್ಟರೆ ಬಿಲ್ ಹಾಕುವ ಸಿ ಪ್ರೋಗ್ರಾಂ ಒಂದಿದೆ ಎಂದುಕೊಳ್ಳಿ. ಫೈಲಿನ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿದ್ದು, ಕೋಡ್‌ನಲ್ಲಿ ಅದನ್ನು ಸಣ್ಣಕ್ಷರದಲ್ಲಿ ಕರೆದರೂ ವಿಂಡೋಸ್ ಒಪ್ಪಿಕೊಳ್ಳುತ್ತದೆ. ಲಿನಕ್ಸ್‌ಗೆ ಅವೆರಡೂ ಬೇರೆ ಫೈಲ್. ಟರ್ಬೊ ಸಿ ಕಾಲದ ‘ಕೋನಿಯೊ’ ಹೆಡರ್ ಅಲ್ಲಿ ಇರುವುದಿಲ್ಲ. ಅಡಿಕೆಯ ಹೆಸರುಗಳನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ್ದರೆ ಪರದೆಯ ಮೇಲೆ ಬರೀ ಗೀಚು. ಕನ್ನಡವಿರುವ ಫೈಲನ್ನು ಯುಟಿಎಫ್-8ರಲ್ಲೇ ಉಳಿಸಬೇಕು.

ಇಂಥ ಹೊತ್ತಲ್ಲಿ ಹೊಳೆಯುವ ಸುಲಭ ದಾರಿ, ಇಡೀ ಪ್ರಾಜೆಕ್ಟನ್ನು ನಕಲು ಮಾಡಿ ‘ವಿಂಡೋಸ್’, ‘ಲಿನಕ್ಸ್’ ಎಂದು ಎರಡು ಫೋಲ್ಡರ್ ಮಾಡುವುದು. ಒಂದರಲ್ಲಿ ಲೆಕ್ಕ ಸರಿಪಡಿಸಿದರೆ ಇನ್ನೊಂದರಲ್ಲಿ ಹಳೆಯ ಲೆಕ್ಕವೇ ಉಳಿಯುತ್ತದೆ. ಮೂರು ಜನರ ತಂಡವಾದರೆ ಯಾವುದು ಸರಿ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಲಿನಕ್ಸ್ ಕರ್ನಲನ್ನೇ ನೋಡಿ. 1991ರಲ್ಲಿ ಇಂಟೆಲ್ 386 ಯಂತ್ರಕ್ಕಾಗಿ ಶುರುವಾದದ್ದು ಇಂದು ನಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಒಂದೊಂದು ಬಗೆಯ ಪ್ರೊಸೆಸರ್‌ಗೆ ಮಾತ್ರ ಬೇಕಾದ ಕೋಡ್ ‘ಆರ್ಚ್’ ಎಂಬ ಫೋಲ್ಡರಿನಲ್ಲಿ ಪ್ರತ್ಯೇಕವಾಗಿದೆ. ಉಳಿದದ್ದು ಎಲ್ಲಕ್ಕೂ ಒಂದೇ. ನಾವೂ ಹಾಗೆಯೇ ಮಾಡಬಹುದು. ತೂಕ, ದರದ ಲೆಕ್ಕ ಒಂದು ಫೈಲಿನಲ್ಲಿರಲಿ. ಪರದೆ ಅಳಿಸುವಂಥ, ಸಿಸ್ಟಂಗೆ ಅಂಟಿದ ಕೆಲಸಕ್ಕೆ ಮಾತ್ರ ಎರಡು ಪುಟ್ಟ ಫೈಲ್‌ಗಳು. ಎರಡರಲ್ಲೂ ಫಂಕ್ಷನ್ ಹೆಸರು ಒಂದೇ; ಯಾವುದನ್ನು ಸೇರಿಸಬೇಕು ಎಂಬುದನ್ನು ಮೇಕ್‌ಫೈಲ್ ನೋಡಿಕೊಳ್ಳುತ್ತದೆ.

ಪೆನ್‌ಡ್ರೈವ್ ಬದಲು ಗಿಟ್ ಬಳಸಿ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಈ ಸಾಧನದಲ್ಲಿ ಕಮಿಟ್ ಮಾಡಲು ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಕಡೆಗೆ ಇದು ಹೇಳಿ ಮಾಡಿಸಿದಂತಿದೆ. ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಮಾಡಿ ಕಮಿಟ್ ಮಾಡಿ, ಪೇಟೆಗೆ ಬಂದಾಗ ಪುಶ್ ಮಾಡಿದರಾಯಿತು. ಸಾಲಿನ ಕೊನೆಯ ಗುರುತು ವಿಂಡೋಸ್‌ನಲ್ಲಿ ಎರಡು ಅಕ್ಷರ, ಲಿನಕ್ಸ್‌ನಲ್ಲಿ ಒಂದು. ಆ ವ್ಯತ್ಯಾಸವನ್ನೂ ಗಿಟ್‌ನ ಸೆಟ್ಟಿಂಗ್‌ನಲ್ಲೇ ಸರಿದೂಗಿಸಬಹುದು. ಆದರೆ ಎಕ್ಸಿ ಫೈಲ್‌ಗಳನ್ನು ಅದರಲ್ಲಿ ತುಂಬಬೇಡಿ. ಅವನ್ನು ಆಯಾ ಕಂಪ್ಯೂಟರ್ ತಾನೇ ತಯಾರಿಸಿಕೊಳ್ಳಲಿ.

ರೆಸ್ಯೂಮೆಯಲ್ಲಿ ‘ವಿಂಡೋಸ್, ಲಿನಕ್ಸ್ ಗೊತ್ತು’ ಎಂದು ಎಲ್ಲರೂ ಬರೆಯುತ್ತಾರೆ. ಎರಡರಲ್ಲೂ ಓಡುವ ಒಂದು ಪ್ರಾಜೆಕ್ಟ್ ಇದ್ದರೆ ಆ ಮಾತಿಗೆ ತೂಕ ಬರುತ್ತದೆ. ಅದಕ್ಕೆ ವೈವಾದ ಹಿಂದಿನ ರಾತ್ರಿಯವರೆಗೆ ಕಾಯದೆ, ಮೊದಲ ವಾರದಿಂದಲೇ ಎರಡೂ ಕಡೆ ಓಡಿಸಿ ನೋಡಿ.