ಗೊತ್ತಿದ್ದೂ ತಪ್ಪಿಸಿಕೊಳ್ಳಲಾಗದ ಏಟು

ಕೊಟ್ಟಿಗೆಯಲ್ಲಿ ಒದೆಯುವ ಆಕಳೊಂದಿದ್ದರೆ ಅದರ ಗುಣ ಮನೆಮಂದಿಗೆಲ್ಲ ಗೊತ್ತಿರುತ್ತದೆ. ಯಾವ ಕಾಲು ಎತ್ತುತ್ತದೆ, ಯಾವ ಮೊಲೆಗೆ ಕೈ ಹಾಕಿದರೆ ಸಿಟ್ಟಿಗೇಳುತ್ತದೆ ಎಂಬುದೆಲ್ಲ ಬಾಯಿಪಾಠ. ಆದರೂ ಒಂದಲ್ಲ ಒಂದು ದಿನ ತಂಬಿಗೆ ಉರುಳುತ್ತದೆ, ಕರೆಯುವವರ ಮೊಣಕಾಲು ಊದಿಕೊಳ್ಳುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಂಥ ಕಥೆ ಇಲ್ಲದ ಮನೆ ಅಪರೂಪ. 'ಒದೆಯುತ್ತದೆ ಎಂದು ಗೊತ್ತಿದ್ದೂ ಹುಷಾರಾಗಿ ಇರಲಿಲ್ಲ' ಎಂದು ಬೈಗುಳ ಬೀಳುವುದು ಮಾತ್ರ ಪೆಟ್ಟು ತಿಂದವರಿಗೇ.

ಒಲಿಂಪಿಕ್ಸ್ ಬಾಕ್ಸಿಂಗನ್ನು ಟಿ.ವಿ.ಯಲ್ಲಿ ನೋಡುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಒಬ್ಬಾತ ಮತ್ತೆ ಮತ್ತೆ ಅದೇ ಎಡಗೈಯಿಂದ, ಅದೇ ನೇರಕ್ಕೆ ಹೊಡೆಯುತ್ತಾನೆ. 'ಈಗ ಎಡಗೈ ಬಂತು ನೋಡು' ಎಂದು ಜಗುಲಿಯಲ್ಲಿ ಕುಳಿತ ನೀವೇ ಹೇಳಬಲ್ಲಿರಿ. ಹಾಗಿದ್ದ ಮೇಲೆ ವರ್ಷಗಟ್ಟಲೆ ತರಬೇತಿ ಪಡೆದ ಎದುರಾಳಿಗೆ ಮುಖ ಸರಿಸಲು ಏನು ಕಷ್ಟ?

ಕಷ್ಟವಿರುವುದು ಸಮಯದ ಲೆಕ್ಕದಲ್ಲಿ. ಕಣ್ಣು ಕಂಡದ್ದು ಮೆದುಳಿಗೆ ಮುಟ್ಟಬೇಕು, ಮೆದುಳು ಅದೇನೆಂದು ಗುರುತಿಸಬೇಕು, ಏನು ಮಾಡಬೇಕೆಂದು ತೀರ್ಮಾನಿಸಬೇಕು, ಆ ಆಜ್ಞೆ ನರಗಳ ಮೂಲಕ ಸ್ನಾಯುವಿಗೆ ತಲುಪಬೇಕು, ಸ್ನಾಯು ಬಿಗಿಯಬೇಕು. ನಿಮ್ಮ ದೃಷ್ಟಿಯಲ್ಲಿ ಇದೆಲ್ಲ 'ತಕ್ಷಣ' ಆಗುತ್ತದೆ. ಅಳತೆಗೆ ಸಿಕ್ಕಾಗ ಮಾತ್ರ ಆರೋಗ್ಯವಂತ ಯುವಕನಲ್ಲೂ ಸೆಕೆಂಡಿನ ಹತ್ತರಲ್ಲಿ ಎರಡು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಅದೂ ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸುಲಭದ ಕೆಲಸಕ್ಕೆ. ಎಡಕ್ಕೋ ಬಲಕ್ಕೋ ಎಂದು ಆರಿಸಬೇಕಾಗಿ ಬಂದರೆ ಇನ್ನಷ್ಟು ತಡ.

ಈಗ ಇನ್ನೊಂದು ಅಳತೆ ನೋಡಿ. 1969ರಲ್ಲಿ ಅಮೆರಿಕದ ಕ್ರೀಡಾ ಪತ್ರಿಕೆಯೊಂದು ಮುಹಮ್ಮದ್ ಅಲಿಯ ಎಡಗೈ ಏಟನ್ನು ಅಳೆಯಿಸಿತು. ಹದಿನಾರೂವರೆ ಅಂಗುಲ ದೂರವನ್ನು ಆತನ ಮುಷ್ಟಿ ದಾಟಿದ್ದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದಲ್ಲಿ! ಎಲ್ಲರೂ ಅಲಿ ಆಗಲಾರರು, ನಿಜ. ಆದರೆ ಅವನ ಅರ್ಧ ವೇಗದವನ ಮುಷ್ಟಿಯೂ ಕಂಡವನ ಮೈ ಅಲುಗುವುದಕ್ಕೆ ಮೊದಲೇ ಬಂದು ಮುಟ್ಟಿರುತ್ತದೆ. ಏನು ಬರುತ್ತದೆ ಎಂಬುದು ಎದುರಾಳಿಗೆ ಗೊತ್ತು. ಯಾವ ಗಳಿಗೆಯಲ್ಲಿ ಬರುತ್ತದೆ ಎಂಬುದು ಗೊತ್ತಿಲ್ಲ.

ಕಲಿಯದವನ ಹೊಡೆತ ತಪ್ಪಿಸಿಕೊಳ್ಳುವುದು ಇಷ್ಟು ಕಷ್ಟವಲ್ಲ. ಅವನು ಹೊಡೆಯುವ ಮೊದಲು ಕೈಯನ್ನು ಹಿಂದಕ್ಕೆ ಎಳೆಯುತ್ತಾನೆ, ಉಸಿರು ಕಟ್ಟುತ್ತಾನೆ, ಹಲ್ಲು ಕಚ್ಚುತ್ತಾನೆ. ಮುಂಚಿತವಾಗಿ ಕಾಗದ ಬರೆದು ಹಾಕಿದ ಹಾಗೆ! ಪಳಗಿದವನು ಮುಷ್ಟಿ ಇದ್ದ ಜಾಗದಿಂದಲೇ ಹೊಡೆಯುತ್ತಾನೆ. ಮೇಲಾಗಿ ಅದು ನೇರ ಕಣ್ಣಿನ ಎದುರಿಗೇ ಬರುವುದರಿಂದ, ಅಡ್ಡ ಹಾಯುವ ವಸ್ತುವಿನ ಚಲನೆ ತಿಳಿದಷ್ಟು ಬೇಗ ಇದರ ಚಲನೆ ತಿಳಿಯುವುದಿಲ್ಲ.

'ಮೊದಲೇ ತಲೆ ಬಗ್ಗಿಸಿಬಿಟ್ಟರಾಯಿತಲ್ಲ?' ಎನ್ನುವಿರಾ? ಅದಕ್ಕೂ ಮದ್ದಿದೆ. ನಿಮ್ಮೂರಿನ ಕಬಡ್ಡಿಯಲ್ಲಿ ದಾಳಿಗೆ ಬಂದ ಚತುರ ಆಟಗಾರನನ್ನು ನೆನಪಿಸಿಕೊಳ್ಳಿ. ಕೈ ಚಾಚಿದಂತೆ ಮಾಡುತ್ತಾನೆ, ಎದುರಿನವನು ಹಿಂದೆ ಜಿಗಿಯುತ್ತಾನೆ, ಅಷ್ಟರಲ್ಲಿ ಕಾಲು ತಾಗಿಸಿರುತ್ತಾನೆ. ಒಂದು ಸೂಚನೆಗೆ ಉತ್ತರ ಕೊಡುವುದರಲ್ಲಿ ತೊಡಗಿದ ಮೆದುಳು, ಬೆನ್ನಿಗೇ ಬಂದ ಎರಡನೆಯ ಸೂಚನೆಯನ್ನು ಕೊಂಚ ಕಾಯಿಸುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಒಬ್ಬರ ಕೆಲಸ ಮುಗಿಯುವವರೆಗೆ ಮುಂದಿನವರು ನಿಂತಿರಬೇಕಾದಂತೆ. ಹುಸಿ ಏಟಿನ ಗುಟ್ಟು ಇದೇ. ಇದು ಹೆಡ್ಡತನವಲ್ಲ, ಎಲ್ಲರ ಮೆದುಳೂ ಹೀಗೆಯೇ.

ನಮ್ಮ ಅನಿಲ್ ಕುಂಬ್ಳೆ ಇದಕ್ಕೆ ಇನ್ನೊಂದು ಸಾಕ್ಷಿ. ಚೆಂಡು ಹೆಚ್ಚು ತಿರುಗುವುದಿಲ್ಲ, ವೇಗವಾಗಿ ನೇರ ನುಗ್ಗುತ್ತದೆ ಎಂಬುದು ಎದುರಾಳಿಗಳಿಗೆಲ್ಲ ತಿಳಿದ ವಿಷಯವೇ ಆಗಿತ್ತು. ಹಾಗಿದ್ದೂ 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ಮಂದಿ ಒಂದೇ ಇನಿಂಗ್ಸ್‌ನಲ್ಲಿ ಅವರಿಗೇ ವಿಕೆಟ್ ಒಪ್ಪಿಸಿದರು.

ಏಟು ಮುಖದ ಹತ್ತಿರ ಬಂದಾಗ ನಮ್ಮ ದೇಹ ಮಾಡುವ ಒಂದು ಕೆಲಸ ಮಾತ್ರ ನಿಜಕ್ಕೂ ಬಲು ಬೇಗ: ರೆಪ್ಪೆ ಮುಚ್ಚುವುದು. ಇದಕ್ಕೆ ನಮ್ಮ ತೀರ್ಮಾನದ ಅಗತ್ಯವಿಲ್ಲ, ತಾನಾಗಿ ಆಗುತ್ತದೆ. ಕಣ್ಣುಗುಡ್ಡೆಗೆ ಇದು ರಕ್ಷಣೆ. ಆದರೆ ತಪ್ಪಿಸಿಕೊಳ್ಳಲು ನೋಡಲೇಬೇಕಾದ ಗಳಿಗೆಯಲ್ಲಿ ಕತ್ತಲೆ! ಹೊಸಬರಿಗೆ ಕಣ್ಣು ಬಿಟ್ಟುಕೊಂಡೇ ಇರುವುದನ್ನು ಬಾಕ್ಸಿಂಗ್ ಗುರುಗಳು ಕಷ್ಟಪಟ್ಟು ಕಲಿಸುತ್ತಾರೆ.

ಹಾಗಾದರೆ ಅನುಭವಿಗಳು ಬಚಾವಾಗುವುದು ಹೇಗೆ? ಅವರ ನರಗಳೇನೂ ನಮ್ಮದಕ್ಕಿಂತ ಬಹಳ ಚುರುಕಲ್ಲ. ಅವರು ಮುಷ್ಟಿಯನ್ನು ನೋಡುತ್ತ ನಿಲ್ಲುವುದಿಲ್ಲ, ಎದೆ-ಭುಜದ ಕಡೆ ದೃಷ್ಟಿಯಿಡುತ್ತಾರೆ. ಕೈ ಚಾಚುವ ಮೊದಲು ಭುಜ, ಸೊಂಟ ಕೊಂಚವಾದರೂ ಅಲುಗಲೇಬೇಕು. ಇದಕ್ಕಿಂತ ಮುಖ್ಯವಾಗಿ, ಅವರು ಕೈಗೆಟುಕದಷ್ಟು ದೂರ ನಿಲ್ಲುತ್ತಾರೆ. ಇಲ್ಲವೆ ನುಗ್ಗಿ ಎದುರಾಳಿಯನ್ನು ತಬ್ಬಿಕೊಂಡುಬಿಡುತ್ತಾರೆ. ತೀರಾ ಹತ್ತಿರದಲ್ಲಿ ಮುಷ್ಟಿಗೆ ಬಲ ಕೂಡಿಬರಲು ಜಾಗವಿರುವುದಿಲ್ಲ. ಅಪಾಯವೆಲ್ಲ ನಡುವಿನ ದೂರದಲ್ಲಿ.

ಈ ಮಾತನ್ನು ಹಿಡಿದುಕೊಂಡು ಕೊಟ್ಟಿಗೆಗೆ ಮರಳೋಣ. ಆಕಳು ಕಾಲನ್ನು ಬರೀ ಹಿಂದಕ್ಕೆ ಝಾಡಿಸುವುದಿಲ್ಲ, ಮುಂದಕ್ಕೂ ಪಕ್ಕಕ್ಕೂ ಬೀಸುತ್ತದೆ. ಕೈ ಮಾತ್ರ ಕೆಚ್ಚಲಿಗೆ ಎಟುಕುವಂತೆ ಅರ್ಧ ದೂರದಲ್ಲಿ ಅಂಜುತ್ತ ಕುಳಿತವರಿಗೇ ಜೋರಾದ ಪೆಟ್ಟು. ಬೇರೆ ಕೆಲಸಕ್ಕೆ ಓಡಾಡುವಾಗ ಅದರ ಕಾಲಿಗೆ ಸಿಕ್ಕದಷ್ಟು ದೂರ ಹಾಯಿರಿ. ಕರೆಯಲು ಕುಳಿತಾಗ ಹತ್ತಿರ ಸರಿದು, ತಲೆಯನ್ನೋ ಭುಜವನ್ನೋ ಅದರ ಪಕ್ಕೆಗೆ ಆನಿಸಿ ಕುಳಿತುಕೊಳ್ಳಿ. ಅಜ್ಜಿಯಂದಿರು ಹೀಗೆ ಕೂರುತ್ತಿದ್ದುದು ದಣಿವಿಗಲ್ಲ. ಕಾಲೆತ್ತುವ ಮೊದಲು ಸ್ನಾಯು ಬಿಗಿಯುವುದು ಮೈಗೆ ತಾಗಿ ತಿಳಿಯುತ್ತದೆ. ಕಣ್ಣಿಗೆ ಕಂಡದ್ದಕ್ಕಿಂತ ಮೈಗೆ ತಾಗಿದ್ದಕ್ಕೆ ದೇಹ ಬೇಗ ಸ್ಪಂದಿಸುತ್ತದೆ. ಕಾಲ ಬುಳುಬುಳು ಓಡಾಡುವ ಮಕ್ಕಳನ್ನು ಮಾತ್ರ ಕರೆಯುವ ಹೊತ್ತಿಗೆ ಕೊಟ್ಟಿಗೆಯೊಳಗೆ ಬಿಡಬೇಡಿ, ಅವರ ತಲೆ ಸರಿಯಾಗಿ ಗೊರಸಿನ ಎತ್ತರಕ್ಕಿರುತ್ತದೆ. ಹಿಂದೆಂದೂ ಒದೆಯದ ಆಕಳು ಒದೆಯತೊಡಗಿದರೆ ಮೊಲೆ ಬಿರಿದಿದೆಯೇ, ಕೆಚ್ಚಲು ಬಾವು ಬಂದಿದೆಯೇ ಎಂದು ಪಶುವೈದ್ಯರಿಗೆ ತೋರಿಸಿ.

ಮೊದಲೇ ಸಾಲದ ಆ ಹತ್ತರಲ್ಲಿ ಎರಡು ಭಾಗದ ಸಮಯವನ್ನು ನಿದ್ದೆಗೆಡುವುದು ಇನ್ನೂ ಲಂಬಿಸುತ್ತದೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದವರು ಬೆಳಿಗ್ಗೆ ಒದೆಯುವ ಆಕಳನ್ನು ಕರೆಯಲು ಹೋಗಬಾರದು. ಕುಡಿತವಂತೂ ಸರಿಯೇ. ನೆಗಡಿಗೆಂದು ನುಂಗುವ, ಮಂಪರು ತರುವ ಮಾತ್ರೆಗಳ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಹಿಂದಿನ ರಾತ್ರಿ ತೆಗೆದುಕೊಂಡದ್ದು ಮರುದಿನ ಬೆಳಿಗ್ಗೆಯೂ ಕೈಕಾಲನ್ನು ನಿಧಾನ ಮಾಡಬಲ್ಲದು. ವಯಸ್ಸಾದಂತೆ ಎಲ್ಲರಲ್ಲೂ ಈ ಅವಧಿ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತದೆ. ಮೂವತ್ತು ವರ್ಷ ಕರೆದ ಕೈ ಎಂಬ ಧೈರ್ಯ ಇದನ್ನು ತುಂಬಿಕೊಡಲಾರದು.

ಪೆಟ್ಟು ಬಿದ್ದೇ ಬಿಟ್ಟರೆ? ಮೊಣಕಾಲು, ತೊಡೆಯ ಬಾವು ನೋವಾದರೂ ಕಣ್ಣಿಗೆ ಕಾಣುತ್ತದೆ. ಭಯ ಪಡಬೇಕಾದದ್ದು ತಲೆ ಮತ್ತು ಹೊಟ್ಟೆಗೆ ಬಿದ್ದ ಏಟಿಗೆ. ತಲೆಗೆ ಬಿದ್ದವರು ಕ್ಷಣಕಾಲ ಎಚ್ಚರ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಏರುತ್ತ ಹೋದರೆ, ಮಂಕಾದರೆ, ಹೇಳಿದ್ದನ್ನೇ ಹೇಳತೊಡಗಿದರೆ, ಮೂಗು ಕಿವಿಯಿಂದ ನೀರಿನಂಥ ದ್ರವ ಬಂದರೆ ಕಾಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ಏನೂ ಆಗದಿದ್ದರೂ ತೋರಿಸಿಕೊಳ್ಳಲೇಬೇಕು. ಹೊಟ್ಟೆಗೆ ಒದೆ ಬಿದ್ದಾಗ ಚರ್ಮದ ಮೇಲೆ ಗುರುತೇ ಇರದೆ ಒಳಗೆ ಗುಲ್ಮ ಒಡೆದಿರಬಹುದು. ಹೊಟ್ಟೆ ಬಿಗಿದು ನೋವು ಹೆಚ್ಚುವುದು, ಎಡ ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು, ನಿಂತರೆ ಕಣ್ಣು ಕತ್ತಲೆ, ಕೆಂಪು ಮೂತ್ರ ಇವು ತುರ್ತಿನ ಲಕ್ಷಣಗಳು. ಬಸುರಿಯರ ಹೊಟ್ಟೆಗೆ ಪೆಟ್ಟು ಬಿದ್ದರೆ ನೋವಿಲ್ಲದಿದ್ದರೂ ಅದೇ ದಿನ ವೈದ್ಯರನ್ನು ಕಾಣಿರಿ.

'ಸಂಜೆಯವರೆಗೆ ನೋಡೋಣ' ಎನ್ನುವವರು ದಾರಿಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ತಲೆಯ ಶಸ್ತ್ರಚಿಕಿತ್ಸೆಯವರೆಗೆ ಹೋಗುವ ಸ್ಥಿತಿಯಾದರೆ ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ತೋಟದ ಮನೆಯಿಂದ ಡಾಂಬರು ರಸ್ತೆ ಮುಟ್ಟುವುದೇ ಮಳೆಗಾಲದಲ್ಲಿ ಒಂದು ಪ್ರಯಾಣ. ತಾಲೂಕು ಆಸ್ಪತ್ರೆಗೆ ಬೆಳಕಿರುವಾಗಲೇ ಹೊರಡಿ, 108ಕ್ಕೆ ಫೋನ್ ಮಾಡಿ. ಪೆಟ್ಟಾದವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ, ದಾರಿಯಲ್ಲಿ ಎಚ್ಚರ ತಪ್ಪಬಹುದು.

ಹವ್ಯಾಸಿ ಬಾಕ್ಸಿಂಗಿನಲ್ಲಿ ತಲೆಗೆ ಏಟು ತಿಂದು ನೆಲಕಚ್ಚಿದವನನ್ನು ಕನಿಷ್ಠ 30 ದಿನ ಮತ್ತೆ ಅಖಾಡಕ್ಕೆ ಇಳಿಸುವುದಿಲ್ಲ. ನಮ್ಮ ಮನೆಗಳಲ್ಲಿ ಹಣೆಗೆ ಗೊರಸು ತಾಗಿಸಿಕೊಂಡ ಅಮ್ಮ ಅಂದೇ ಸಂಜೆ ಮತ್ತೆ ತಂಬಿಗೆ ಹಿಡಿದು ಅದೇ ಆಕಳ ಬಳಿ ಕೂರುತ್ತಾರೆ. ವೈದ್ಯರು ಸರಿ ಎನ್ನುವವರೆಗೆ ಕರೆಯುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ. ಬಾರದಿದ್ದರೆ ಕಲಿಯಲಿ, ಪಕ್ಕೆಗೆ ಭುಜ ಕೊಟ್ಟು ಕೂತು.