ಅಟ್ಟ ನೋಡಿ ಮನೆ ಕೊಳ್ಳಿ

ಬೆಂಗಳೂರಲ್ಲಿ ಮನೆ ಕೊಳ್ಳೋರು ಮೊದಲು ಅಡುಗೆಮನೆ ನೋಡ್ತಾರೆ, ಆಮೇಲೆ ಕಾರು ನಿಲ್ಲಿಸೋ ಜಾಗ ನೋಡ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಾವು ಮೊದಲು ನೋಡಬೇಕಾದ್ದು ತಲೆ ಮೇಲಿನ ಅಟ್ಟ. ಯಾಕಂದ್ರೆ ನಮ್ಮಲ್ಲಿ ಮನೆ ಬರೀ ವಾಸಕ್ಕಲ್ಲ, ಅದೇ ಉಗ್ರಾಣ. ಬಲಿತ ಕಾಯಿ ಅಟ್ಟ ಸೇರಿದ ಮೇಲೆ ಉಂಡೆ ಕೊಬ್ಬರಿ ಆಗೋಕೆ 8ರಿಂದ 12 ತಿಂಗಳು ಬೇಕು. ಅಷ್ಟೂ ದಿನ ವರ್ಷದ ದುಡಿಮೆ ಮೇಲೆ, ಮನೆ ಮಂದಿಯೆಲ್ಲ ಕೆಳಗೆ.

ಒಂದು ಲೆಕ್ಕ ಹಾಕಿ. ಕಾಯಿಗೆ 140 ಗ್ರಾಂ ಕೊಬ್ಬರಿ ಅಂತ ಇಟ್ಟುಕೊಂಡರೂ 10 ಸಾವಿರ ಕಾಯಿಗೆ 14 ಕ್ವಿಂಟಲ್. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ಲೆಕ್ಕದಲ್ಲೇ 1,69,400 ರೂಪಾಯಿ ಸೂರಿನ ಕೆಳಗಿದೆ. ಹಾಗಾಗಿ ನಮ್ಮ ಕಡೆ ಹಳೇ ಮನೆ ಕೊಳ್ಳೋದು, ಕಟ್ಟೋದು, ಕಾಪಾಡೋದು ಮೂರೂ ಬೇಸಾಯದ ವಿಷಯಗಳೇ. ತೋಟಕ್ಕೆ ವಾಪಸ್ ಬರುತ್ತಿರುವ, ಅಣ್ಣತಮ್ಮಂದಿರಿಂದ ಬೇರೆಯಾಗಿ ಮನೆ ಹುಡುಕುತ್ತಿರುವ ಹುಡುಗರು ಈಗ ಬಹಳ ಜನ ಇದ್ದಾರೆ. ಈ ವಾರದ ಲೇಖನ ಅವರಿಗಾಗಿ.

ಮುಂಗಡ ಕೊಡೋ ಮೊದಲು

"ಊರಿನವರೇ ಕಣಪ್ಪ, ಕಾಗದ ಆಮೇಲೆ ಮಾಡ್ಕೊಳ್ಳೋಣ" ಅನ್ನೋ ಮಾತು ಕೇಳಿಸಿದ ತಕ್ಷಣ ಜೇಬಿನಿಂದ ಕೈ ಆಚೆ ತೆಗೆಯಬೇಡಿ. ಮೊದಲು ಮನೆ ನಿಂತಿರೋ ಜಾಗ ಯಾವುದು ಅಂತ ತಿಳಿದುಕೊಳ್ಳಿ: ಗ್ರಾಮಠಾಣಾ ಒಳಗೋ, ತೋಟದ ಸರ್ವೆ ನಂಬರಿನಲ್ಲೋ?

ಗ್ರಾಮಠಾಣಾ ಮನೆ ಆದರೆ ಪಂಚಾಯ್ತಿಯಿಂದ ಇ-ಸ್ವತ್ತು ದಾಖಲೆ ಬೇಕು, ಅಂದರೆ ನಮೂನೆ 9 ಮತ್ತು 11ಎ. ಕೈಬರಹದ ಹಳೇ ಖಾತೆ ನಕಲು ನೋಡಿ ವ್ಯಾಪಾರ ಮುಗಿಸಬೇಡಿ. ನಮೂನೆ 11ಬಿ ಇದ್ದರೆ ಅದು ಬೇರೆ, ನಮೂನೆ 9 ಸಿಗದ ಸ್ವತ್ತುಗಳಿಗೆ ಕೊಡುವಂಥದ್ದು. ಬ್ಯಾಂಕ್ ಸಾಲ ತೆಗೆಯೋರು 11ಬಿ ಕಾಗದವನ್ನು ಮುಂಗಡ ಕೊಡುವ ಮೊದಲೇ ಬ್ಯಾಂಕಿಗೆ ತೋರಿಸಿ ಕೇಳಿ. ದಾಖಲೆಯಲ್ಲಿ ಬರೆದಿರೋ ಉದ್ದ, ಅಗಲ, ಚೆಕ್ಕುಬಂದಿಯನ್ನು ಜಾಗದ ಮೇಲೆ ಟೇಪು ಹಿಡಿದು ಅಳೆಯಿರಿ. ಹಳೇ ಮನೆಗಳಲ್ಲಿ ಜಗಲಿಯೋ ಬಚ್ಚಲೋ ಪಕ್ಕದವರ ಜಾಗಕ್ಕೆ ಒಂದೆರಡು ಅಡಿ ಹೋಗಿರುತ್ತೆ. ಅದು ಗೊತ್ತಾಗೋದು ನೀವು ಕೆಡವಿ ಕಟ್ಟೋಕೆ ಹೊರಟಾಗ.

ತೋಟದೊಳಗಿನ ಮನೆ ಆದರೆ ಪಹಣಿ, ಮ್ಯುಟೇಷನ್ ಎರಡನ್ನೂ ಭೂಮಿ ತಂತ್ರಾಂಶದಲ್ಲಿ ಫೋನಿನಲ್ಲೇ ನೋಡಬಹುದು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳೋದಾದರೆ 11ಇ ನಕ್ಷೆ ಆಗಿರಲೇಬೇಕು. ಸ್ವಂತ ಕೃಷಿ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳೋಕೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತೆ, ಆದರೆ ಹಿಡುವಳಿಯ ಶೇ 10 ಮೀರಬಾರದು. ವಾಸಕ್ಕೆ, ಬೇಸಾಯಕ್ಕೆ ಇರುವ ಮನೆಯ ಮಾತು ಇದು. ಹೋಂಸ್ಟೇ, ಅಂಗಡಿ ಅಂತ ಹೊರಟರೆ ಭೂಪರಿವರ್ತನೆ ಬೇಕು.

ಋಣಭಾರ ಪತ್ರ, ಅಂದರೆ ಇ.ಸಿ., ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತೆ. ಹಳೇ ವರ್ಷಗಳದ್ದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ, 30 ವರ್ಷದ್ದು ತೆಗೆಸಿ. ಮಾರುವವರ ವಂಶವೃಕ್ಷ ಕೇಳಿ ಪಡೆಯಿರಿ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಉಂಟು. ಮದುವೆಯಾಗಿ ಗುಬ್ಬಿಗೋ ಅರಸೀಕೆರೆಗೋ ಹೋದ ಅಕ್ಕತಂಗಿಯರ ಸಹಿ ಇಲ್ಲದೆ ಕ್ರಯವಾದ ಮನೆ ಮುಂದೊಂದು ದಿನ ಕೋರ್ಟು ಮೆಟ್ಟಿಲು ಹತ್ತಿಸುತ್ತೆ.

ಇನ್ನೊಂದು, ಜಮೀನು ಮೂಲದಲ್ಲಿ ಯಾರಿಗೆ ಮಂಜೂರಾಗಿತ್ತು ಅಂತ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ಊರ್ಜಿತವಲ್ಲ. 2023ರ ತಿದ್ದುಪಡಿ ಆದ ಮೇಲೆ ಜಮೀನು ವಾಪಸ್ ಕೇಳೋಕೆ ಕಾಲಮಿತಿಯೂ ಇಲ್ಲ. "ನಾವು 30 ವರ್ಷದಿಂದ ಅನುಭವದಲ್ಲಿದ್ದೀವಿ" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಕೊನೆಗೆ ದಾರಿ ಮತ್ತು ಕರೆಂಟು. ದಾರಿ ನಕ್ಷೆಯಲ್ಲಿದೆಯೋ, ಪಕ್ಕದ ತೋಟದವರು "ಓಡಾಡ್ಕೊಳ್ಳಿ" ಅಂತ ಬಾಯಿಮಾತಲ್ಲಿ ಬಿಟ್ಟಿದ್ದೋ? ಬಾಯಿಮಾತಿನದಾದರೆ ಕ್ರಯಪತ್ರಕ್ಕೆ ಮೊದಲೇ ಬರವಣಿಗೆ ಮಾಡಿಸಿ. ಬೆಸ್ಕಾಂ ಆರ್.ಆರ್. ನಂಬರ್ ಯಾರ ಹೆಸರಲ್ಲಿದೆ, ಬಾಕಿ ಎಷ್ಟಿದೆ ಅಂತಲೂ ನೋಡಿಕೊಳ್ಳಿ.

ಸ್ಕ್ರೂಡ್ರೈವರ್ ಜೊತೆ ಮನೆ ನೋಡಿ

ಮನೆ ನೋಡೋಕೆ ಮಳೆ ಬಂದ ಮಾರನೇ ದಿನ ಹೋಗಿ. ಹೊಸ ಬಣ್ಣ ಏನೇ ಮುಚ್ಚಿಟ್ಟಿದ್ದರೂ ತೇವ ಅದನ್ನು ತೋರಿಸಿಕೊಡುತ್ತೆ. ದೂರ ನಿಂತು ಹೆಂಚಿನ ಸೂರಿನ ನೆತ್ತಿ ನೋಡಿ. ಗೆರೆ ನೇರ ಇಲ್ಲದೆ ನಡುವೆ ಜಗ್ಗಿದ್ದರೆ ತೊಲೆ ಸೋತಿದೆ ಅಂತ ಅರ್ಥ.

ಒಳಗೆ ಹೋದ ಮೇಲೆ ತೊಲೆ ಗೋಡೆಯೊಳಗೆ ಸೇರುವ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಮರ ಮೊದಲು ಕೊಳೆಯೋದು ಅಲ್ಲೇ, ಗೆದ್ದಲು ಹತ್ತೋದೂ ಅಲ್ಲೇ. ತೆಂಗಿನ ಮರದ ತೊಲೆ ಆದರೆ ಇನ್ನೂ ಹುಷಾರು. ತೆಂಗಿನಲ್ಲಿ ಗಟ್ಟಿ ಇರೋದು ಹೊರಗಿನ ಸುತ್ತು, ಅದೂ ಹಳೇ ಮರದ ಬುಡದ ಕಡೆಯದು. ತಿರುಳು ಮೆದು. ತಿರುಳಿನ ಭಾಗ ಸೇರಿಸಿ ಸೀಳಿದ ತೊಲೆ ಹೊರಗಿಂದ ಚೆನ್ನಾಗಿ ಕಂಡರೂ ಅಟ್ಟದ ಭಾರ ತಡೆಯಲ್ಲ.

ಗೋಡೆಯ ಬಿರುಕಿನ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿ, ದಿನಾಂಕ ಬರೆದು, ಫೋಟೋ ತೆಗೆದಿಡಿ. ಎರಡು ತಿಂಗಳಲ್ಲಿ ಕಾಗದ ಹರಿದರೆ ಬಿರುಕು ಇನ್ನೂ ಬೆಳೀತಿದೆ ಅಂತ. ಹರಿಯದಿದ್ದರೆ ಹಳೇ ಬಿರುಕು, ತುಂಬಿಸಿದರೆ ಆಯ್ತು. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಸಬೇಡಿ. ಗೋಡೆಯೊಳಗಿನ ತೇವ ಹೊರಬರಲಾರದೆ ಒಳಗೇ ಮಣ್ಣು ಉದುರುತ್ತೆ, ಆಮೇಲೆ ಗಾರೆ ಹಲ್ಲೆ ಹಲ್ಲೆಯಾಗಿ ಬೀಳುತ್ತೆ. ಸುಣ್ಣದ ಗಾರೆಯೇ ಸರಿ.

ಆರ್‌ಸಿಸಿ ಮನೆಯಲ್ಲಿ ಕಾಯಿ ಎಷ್ಟು?

ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದೋರು ಹಲವರು ಮಹಡಿ ಮೇಲಿನ ಒಂದು ರೂಮನ್ನೇ ಅಟ್ಟ ಮಾಡಿಕೊಳ್ತಾರೆ. ವಾಸದ ಕೋಣೆಯ ನೆಲವನ್ನು ಐಎಸ್ 875 ಮಾನಕದಂತೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರಕ್ಕೆ ಲೆಕ್ಕ ಹಾಕಿರ್ತಾರೆ. 10×12 ಅಡಿ ರೂಮು ಅಂದರೆ ಸುಮಾರು 11 ಚದರ ಮೀಟರ್, ಒಟ್ಟು 2,200 ಕೆ.ಜಿ. ಸಿಪ್ಪೆ ಸಮೇತ ಬಲಿತ ಕಾಯಿ ಒಂದು ಕೆ.ಜಿ. ಅಂತ ಹಿಡಿದರೆ 2,200 ಕಾಯಿ, ಅಷ್ಟೇ. ನಾವು ತುಂಬೋದು ಸೂರು ಮುಟ್ಟುವ ತನಕ. ಕಾಯಿ ಒಣಗಿದಂತೆ ಹಗುರ ಆಗುತ್ತೆ ನಿಜ, ಆದರೆ ಸ್ಲ್ಯಾಬು ತಡೆಯಬೇಕಾದ್ದು ಮೊದಲ ದಿನದ ತೂಕವನ್ನು.

ಹೊಸ ಮನೆ ಕಟ್ಟಿಸೋರು ಇಂಜಿನಿಯರಿಗೆ "ಮೇಲಿನ ರೂಮಲ್ಲಿ ಕಾಯಿ ಹಾಕ್ತೀವಿ" ಅಂತ ಮೊದಲೇ ಹೇಳಿ. ಇನ್ನೂ ಒಳ್ಳೇದು ಅಂದ್ರೆ ಮನೆಯಿಂದ ಬೇರೆಯಾಗಿ ಕೊಬ್ಬರಿ ಶೆಡ್. ಕಲ್ಲುಕಂಬದ ಮೇಲೆ ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಅಡಿಕೆ ದಬ್ಬೆ ಹಾಸಿ, ದಬ್ಬೆ ನಡುವೆ ಗಾಳಿಯಾಡುವಷ್ಟು ಸಂದು ಬಿಡಿ. ಹೀಗೆ ಮಾಡಿದರೆ ಭಾರ ನೆಲಕ್ಕೇ ಹೋಗುತ್ತೆ, ಕೊಬ್ಬರಿಗೆ ಕೆಳಗಿಂದ ಗಾಳಿ ಸಿಗುತ್ತೆ, ಬೆಂಕಿ ಬಿದ್ದರೂ ಮಲಗಿದವರ ತಲೆ ಮೇಲೆ ಬೀಳಲ್ಲ.

ಇಲಿ, ವೈರು, ಬೆಂಕಿ

ನಮ್ಮ ಹಿರೀಕರ ಕಾಲದಲ್ಲಿ ಅಟ್ಟಕ್ಕೆ ಒಲೆ ಹೊಗೆ ತಾಕ್ತಿತ್ತು, ವೈರು ಇರಲಿಲ್ಲ. ಈಗ ಅಡುಗೆ ಗ್ಯಾಸ್ ಮೇಲೆ, ಅಟ್ಟದಲ್ಲಿ ಬಲ್ಬು. ಕೊಬ್ಬರಿ ವಾಸನೆಗೆ ಇಲಿ ಬರುತ್ತೆ, ವೈರಿನ ಮೇಲಿನ ಪ್ಲಾಸ್ಟಿಕ್ ಕಡಿಯುತ್ತೆ, ಕಿಡಿ ಹಾರುತ್ತೆ. ಪಕ್ಕದಲ್ಲೇ ವರ್ಷಗಟ್ಟಲೆ ಒಣಗಿದ ಸಿಪ್ಪೆ, ಎಣ್ಣೆ ತುಂಬಿದ ಕೊಬ್ಬರಿ. ಇದಕ್ಕಿಂತ ಚೆನ್ನಾಗಿ ಉರಿಯೋದು ಇನ್ನೇನಿದೆ?

- ಅಟ್ಟದಲ್ಲಿ ಬಿಡಿ ವೈರು ಬೇಡ, ಎಲ್ಲವೂ ಪೈಪಿನೊಳಗೆ ಹೋಗಲಿ. ಬಿಸಿಯಾಗುವ ಬಲ್ಬು ಬೇಡ, ಎಲ್‌ಇಡಿ ಸಾಕು. ಸ್ವಿಚ್ಚು ಅಟ್ಟದ ಹೊರಗಿರಲಿ.
- ಮೀಟರ್ ಬೋರ್ಡಿನ ಪಕ್ಕ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಅದರ ಮೇಲಿರುವ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಶಾಕ್ ಹೊಡೆದ ಜೀವ ಉಳಿಸೋದು ಅದೇ, ಬರೀ ಫ್ಯೂಸಲ್ಲ.
- ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಲು ಬಿಡಬೇಡಿ. ನೀರು ಹಾಕ್ತಾ ಇರಿ.
- ನೀರೊಲೆ ಚಿಮಣಿ ಸೂರಿನ ನೆತ್ತಿಗಿಂತ ಮೇಲಿರಲಿ. ಗರಿ ಉರಿಸಿದಾಗ ಹಾರುವ ಕಿಡಿ ಅಟ್ಟದ ಗವಾಕ್ಷಿಗೆ ಹೋಗಬಾರದು.
- ಸಿಲಿಂಡರ್ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತೆ. ಅಡುಗೆಮನೆ ಗೋಡೆಯ ಬುಡದಲ್ಲಿ ಒಂದು ಜಾಲರಿ ಕಿಂಡಿ ಇರಲಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.
- ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಬೇಡವೇ ಬೇಡ, ಹೊರಗೋಡೆಗೆ ಹಾಕಿಸಿ. ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ.

ಅಟ್ಟದ ಇಲಿಗೆ ಅಂತ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಇಡೋರಿದ್ದಾರೆ. ದಯವಿಟ್ಟು ಬೇಡ. ತೇವ ತಾಗಿದರೆ ಅದರಿಂದ ಬರೋ ಫಾಸ್ಫೀನ್ ಅನಿಲ ಕೆಳಗೆ ಮಲಗಿದ ಮಕ್ಕಳನ್ನೂ ಬಿಡಲ್ಲ. ಜಾಲರಿ, ಬೋನು, ಬೆಕ್ಕು ಸಾಕು. ತೋಟಕ್ಕೆ ಹೊಡೆದು ಉಳಿದ ಹಳೇ ಕೀಟನಾಶಕದ ಬಾಟಲಿಗಳನ್ನೂ ಮನೆಯಿಂದ ಆಚೆ ಬೀಗದ ಪೆಟ್ಟಿಗೆಗೆ ಸೇರಿಸಿ.

ಬೆಳೆ ವಿಮೆ ಅಟ್ಟದ ಕಾಯಿಗೆ ಅನ್ವಯಿಸಲ್ಲ. ಮನೆ ವಿಮೆ ಮಾಡಿಸುವಾಗ "ದಾಸ್ತಾನು ಕೊಬ್ಬರಿಯೂ ಸೇರಿದೆಯಾ?" ಅಂತ ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ.

ಮರ ಎಷ್ಟು ದೂರ ಇರಬೇಕು?

ತೆಂಗಿನ ಬೇರು ಆಲ, ಅರಳಿ ಬೇರಿನಂತೆ ಪಾಯ ಸೀಳಲ್ಲ. ಅಪಾಯ ಇರೋದು ಮೇಲೆ. 50 ಅಡಿ ಎತ್ತರದಿಂದ ಬಿದ್ದ ಕಾಯಿ ನೆಲ ಮುಟ್ಟುವಾಗ ಗಂಟೆಗೆ 60 ಕಿ.ಮೀ. ವೇಗದಲ್ಲಿರುತ್ತೆ. ಹೆಂಚು ಬಿಡಿ, ಸಿಮೆಂಟ್ ಶೀಟೂ ನಿಲ್ಲಲ್ಲ. ಹೊಸ ಮನೆಯ ಗೋಡೆಗೂ ಮರಕ್ಕೂ 20ರಿಂದ 25 ಅಡಿ ಬಿಡಿ. ಈಗಾಗಲೇ ಹತ್ತಿರ ಮರ ಇದ್ದರೆ ಕಾಯಿ ತಾನೇ ಉದುರುವ ತನಕ ಕಾಯದೆ ಆ ಮರಗಳನ್ನು ಮಾತ್ರ 45 ದಿನಕ್ಕೊಮ್ಮೆ ಕೀಳಿಸಿ, ಒಣಗಿದ ಗರಿಯನ್ನೂ ಆಗಲೇ ಇಳಿಸಿ. ಮಗುವಿನ ಜೋಕಾಲಿ, ಅಜ್ಜನ ಮಂಚ, ಬೈಕು ಯಾವುದೂ ಮರದಡಿ ಬೇಡ. ಕರೆಂಟ್ ವೈರನ್ನು ಮರಕ್ಕೆ ಮೊಳೆ ಹೊಡೆದು ಎಳೀಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಹೆಚ್ಚು, ಎತ್ತರದ ತೆಂಗಿಗೇ ಮೊದಲು ಬಡಿಯುತ್ತೆ. ದಾಮಿನಿ, ಸಿಡಿಲು ಎಂಬ ಎರಡು ಆ್ಯಪ್‌ಗಳಿವೆ. ಮೊದಲನೆಯದು ಪುಣೆಯ ಐಐಟಿಎಂ ಸಂಸ್ಥೆಯದು, ಎರಡನೆಯದು ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಒಂದನ್ನಾದರೂ ಫೋನಿಗೆ ಹಾಕಿಕೊಳ್ಳಿ. ಗುಡುಗು ಕೇಳಿದ ಮೇಲೆ ಜಗಲಿ ಕಂಬಕ್ಕೆ ಒರಗಿ ನಿಲ್ಲದೆ ಒಳಗೆ ಹೋಗಿ, ಟಿ.ವಿ. ಮತ್ತು ಮೋಟಾರ್ ಸ್ಟಾರ್ಟರ್ ಕಡೆ ಕೈ ಹಾಕಬೇಡಿ.

ಅಂಗಳ ಮತ್ತು ನೀರು

ಸಿಪ್ಪೆ ರಾಶಿ, ಚಿಪ್ಪಿನ ಗುಡ್ಡೆ ಗೋಡೆಗೆ ತಾಗಿದ್ದರೆ ಇಲಿಗೆ ಮನೆ, ಇಲಿ ಹಿಂದೆ ಹಾವು. ತಿಪ್ಪೆಯೂ ದೂರ ಇರಲಿ, ಕುರುವಾಯಿ ದುಂಬಿ ಮರಿ ಮಾಡೋದು ಅಲ್ಲೇ. ಹಾವು ಕಚ್ಚಿದರೆ ಕಟ್ಟು ಹಾಕೋದು, ಕೊಯ್ಯೋದು, ಮಂತ್ರ ಹಾಕಿಸೋಕೆ ಓಡೋದು ಬೇಡ. ಕಚ್ಚಿದ ಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ, ವಿಷ ನಿರೋಧಕ ಔಷಧಿ ಇರುವ ಆಸ್ಪತ್ರೆಗೆ ಹೋಗಿ.

ತುಮಕೂರು ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇದೆ. ಕೊಳ್ಳುವ ಮನೆಯ ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಕುಡಿಯೋಕೆ ಬೇಡ. 1,000 ಚದರ ಅಡಿ ಸೂರಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 9,000 ಲೀಟರ್ ನೀರು. ದೋಣಿ, ಸೋಸುಗುಂಡಿ, ತೊಟ್ಟಿ ಮೂರಿದ್ದರೆ ಅಡುಗೆಗೆ, ಕುಡಿಯೋಕೆ ಬಹಳ ದಿನ ಬರುತ್ತೆ. ಶೌಚದ ಗುಂಡಿ ಬಾವಿಗೆ 50 ಅಡಿಗಿಂತ ಹತ್ತಿರ ಬೇಡ.

ವರ್ಷದ ಪಟ್ಟಿ

ಇದನ್ನು ಫೋನಿನ ಕ್ಯಾಲೆಂಡರಿಗೆ ಹಾಕಿಕೊಳ್ಳಿ. ಯುಗಾದಿ ಒಳಗೆ ಹೆಂಚು ಕೈಯಾಡಿಸಿ ಒಡೆದದ್ದು ಬದಲಿಸೋದು. ಏಪ್ರಿಲ್‌ನಲ್ಲಿ ಮನೆ ಹತ್ತಿರದ ಮರಗಳ ಗರಿ ಇಳಿಸೋದು. ಮೇ ಕೊನೆಗೆ ದೋಣಿ, ತೊಟ್ಟಿ ತೊಳೆಯೋದು. ದಸರಾ ಆಯುಧ ಪೂಜೆಗೆ ಮಚ್ಚು, ಟ್ರ್ಯಾಕ್ಟರ್ ತೊಳೆಯೋ ದಿನವೇ ವೈರಿಂಗ್ ನೋಡಿಸೋದು. ಕೊಬ್ಬರಿ ಇಳಿಸಿ ಅಟ್ಟ ಖಾಲಿಯಾದಾಗ ತೊಲೆ ತುದಿ ಚುಚ್ಚಿ ನೋಡಿ, ಗೇರೆಣ್ಣೆ ಹಚ್ಚೋದು. ಅಟ್ಟ ಖಾಲಿ ಇರೋದು ವರ್ಷದಲ್ಲಿ ಕೆಲವೇ ದಿನ. ಹೊಸ ಕಾಯಿ ಏರಿಸೋ ಆತುರದಲ್ಲಿ ಆ ದಿನಗಳನ್ನು ಕಳಕೊಳ್ಳಬೇಡಿ.